ಒಂದು ಕವಳದ ಬೆಲೆಯ ಪುಸ್ತಕ

ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾತ್ರಿ ತಂಗಿದ್ದ ಬಸ್ಸಿನ ಗಾಜನ್ನು ಡ್ರೈವರ್ ಹಳೆಯ ಬಟ್ಟೆಯಿಂದ ಒರೆಸುತ್ತಿದ್ದಾನೆ. ಎದುರು ಸಾಲಿನ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಿವೆ, ಒಂದರ ಶಟರು ಮಾತ್ರ ಅರ್ಧ ಎದ್ದಿದೆ. ಬೋರ್ಡಿನ ಮೇಲೆ ಜೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್, ಪಹಣಿ, ಮದುವೆ ಕಾಗದ ಎಂದೆಲ್ಲ ಬರೆದಿದೆ. ಅಲ್ಲಿ ನಡೆಯುವ ಅಸಲಿ ಕಸುಬಿನ ಹೆಸರು ಮಾತ್ರ ಆ ಬೋರ್ಡಿನಲ್ಲಿಲ್ಲ.

ನಾನು ಬಗ್ಗಿ ಒಳಗೆ ಹೋಗುತ್ತೇನೆ. ರೋಹಿಣಿ ನಾಯ್ಕ ಸ್ವೆಟರ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ವಯಸ್ಸು ನಲವತ್ತರ ಹತ್ತಿರ. ಸಿದ್ದಾಪುರ, ಶಿರಸಿ, ಯಲ್ಲಾಪುರದ ಸುತ್ತ ಯಾರೇ ತಮ್ಮ ಪುಸ್ತಕವನ್ನು ತಾವೇ ಮೊಬೈಲಿಗೆ ತರಬೇಕೆಂದರೂ ಈ ಶಟರಿನಡಿ ಬಗ್ಗಿಯೇ ಬರಬೇಕು. ಹಸ್ತಪ್ರತಿ ಟೈಪ್ ಮಾಡುವುದು, ಮುಖಪುಟ ಕೂರಿಸುವುದು, ಆನ್‌ಲೈನ್ ಅಂಗಡಿಗೆ ಏರಿಸುವುದು ಇವರ ಕೆಲಸ. ಇವೆಲ್ಲ ಮುಗಿದ ಮೇಲೆ ಉಳಿಯುವ ಕೊನೆಯ ಕೆಲಸವೇ ಕಷ್ಟದ್ದು. ಆ ಪುಸ್ತಕಕ್ಕೆ ಎಷ್ಟು ಬೆಲೆ ಇಡಬೇಕು? ಇದನ್ನು ಅವರು 'ರೇಟು ಕೂರಿಸೂದು' ಎನ್ನುತ್ತಾರೆ.

"ಇಷ್ಟು ಬೇಗ ಎಂತಕ್ಕೆ ಬತ್ತೆ ಹೇಳಿ ಎಲ್ಲರೂ ಕೇಳ್ತಾರೆ. ಈ ಹೊತ್ತಲ್ಲಿ ನೆಟ್ಟು ಹೇಳ್ದ ಮಾತು ಕೇಳ್ತದೆ. ಹತ್ತು ಗಂಟೆ ಆದ್ಮೇಲೆ ಪಹಣಿಯವ್ರು ಬಂದ್ರೆ ಮುಗೀತು" ಎಂದು ನಗುತ್ತಾರೆ.

ನಗುವಾಗಲೂ ಅವರ ಕಣ್ಣು ಪರದೆಯ ಮೇಲೇ ಇದೆ. ಅಲ್ಲೊಂದು ಪುಸ್ತಕ ಏರಲು ತಯಾರಾಗಿ ಕೂತಿದೆ. ಹೆಸರು, ಮುಖಪುಟ, ಪರಿಚಯ, ಎಲ್ಲ ತುಂಬಿದೆ. ಬೆಲೆಯ ಜಾಗವೊಂದು ಖಾಲಿ. ರೋಹಿಣಿ ಅಲ್ಲೊಂದು ಅಂಕಿ ಒತ್ತುತ್ತಾರೆ, ನೋಡುತ್ತಾರೆ, ಅಳಿಸುತ್ತಾರೆ. ಯಾರ ಪುಸ್ತಕ ಎಂದು ಕೇಳುತ್ತೇನೆ.

"ಅಮ್ಮಂದು. ಗದ್ದೆ ನೆಡೂವಾಗ ಹೇಳೂ ನೆಟ್ಟಿ ಹಾಡು. ಊರವರ ಪುಸ್ತಕಕ್ಕೆಲ್ಲ ರೇಟು ಹೇಳ್ತೆ, ಇದೊಂದಕ್ಕೆ ಕೂರ್ತಾ ಇಲ್ಲ. ಸರಿ ರೇಟು ಹಾಕಿಲ್ಲ ಅಂದ್ರೆ ಅಮ್ಮ ಬಾಕಿ ಇಟ್ಟ ದೊಡ್ಡ ಹಾಡು ಹೇಳೂದಿಲ್ಲ. ಅವ್ಳು ಹೇಳಿಲ್ಲ ಅಂದ್ರೆ ಅದು ಅವ್ಳ ಜೊತೆಗೇ ಹೋಗ್ತದೆ."

ಇದನ್ನು ಅವರು ಅಷ್ಟೇನೂ ದನಿ ಎತ್ತದೆ ಹೇಳುತ್ತಾರೆ. ಆಮೇಲೆ ಎದ್ದು ಪೊರಕೆ ಹಿಡಿಯುತ್ತಾರೆ. ನಾನು ಬಂದದ್ದು ಪುಸ್ತಕಗಳಿಗೆ ಬೆಲೆ ಕಟ್ಟುವ ಹೆಂಗಸಿನ ಬಗ್ಗೆ ಬರೆಯಲು. ಬಂದ ಮೊದಲ ಗಳಿಗೆಯಲ್ಲೇ ಅವರು ಬೆಲೆ ತೋಚದೆ ಕೂತದ್ದು ನೋಡಿ ನನಗೆ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯೇ ಆಗುತ್ತದೆ. ಎಲ್ಲ ಬಲ್ಲವರ ಬಗ್ಗೆ ಬರೆಯುವುದು ಬಲು ಬೇಜಾರಿನ ಕೆಲಸ.

ಅಂಗಡಿಯ ಹೊರಗೆ ಗೋಡೆಗೆ ತಾಗಿ ಒಂದು ಮರದ ಬೆಂಚಿದೆ. ಬಸ್ಸಿಗೆ ಕಾಯುವವರು, ಜೆರಾಕ್ಸಿಗೆ ಬಂದವರು ಕೂರುವ ಜಾಗ. ರೋಹಿಣಿ ಅದನ್ನು ಒರೆಸಿ, ಪಿನ್ ಹಾಕಿದ ನಾಲ್ಕು ಹಾಳೆಗಳನ್ನು ತುದಿಯಲ್ಲಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಡುತ್ತಾರೆ. ಬೆಲೆ ಕೂರಿಸುವ ಅವರ ವಿದ್ಯೆಯೆಲ್ಲ ಆ ಬೆಂಚಿನ ಮೇಲಿದೆ. ಯಾವ ಪುಸ್ತಕ ಬಂದರೂ ಮೊದಲ ನಾಲ್ಕು ಪುಟ ಅಲ್ಲಿ ಕೂರುತ್ತದೆ. ಯಾರಾದರೂ ಎತ್ತಿಕೊಂಡು ಓದುತ್ತಾರೋ, ಎರಡನೇ ಪುಟಕ್ಕೆ ಹೋಗುತ್ತಾರೋ, ಅದರಿಂದ ಗಾಳಿ ಹಾಕಿಕೊಂಡು ಎದ್ದು ಹೋಗುತ್ತಾರೋ ಎಂದು ಅವರು ಜೆರಾಕ್ಸ್ ಮಾಡುತ್ತಲೇ ನೋಡುತ್ತಾರೆ. ಓದಿದವರನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಎಷ್ಟಾದರೆ ಯೋಚನೆ ಮಾಡದೆ ಒತ್ತುತ್ತೀರಿ?

"ಯೋಚ್ನೆ ಮಾಡಕು ಅಂತಾದ್ರೆ ಮಾಡಿ ಬಿಟ್ಟೇ ಬಿಡ್ತಾರೆ. ಆಮೇಲೆ ಮಾಡುವ ಹೇಳ್ತಾರೆ. ಆಮೇಲೆ ಅಂಬೂದು ಬರೂದೇ ಇಲ್ಲ" ಎನ್ನುತ್ತಾರೆ.

ಶಿರಸಿಯ ಮೊದಲ ಬಸ್ಸು ಬಂದು ನಿಲ್ಲುತ್ತದೆ. ಬಿಳಿ ಪಂಚೆ, ಬಗಲಲ್ಲಿ ಹಳೆಯ ಚರ್ಮದ ಚೀಲ ಹಾಕಿಕೊಂಡ ಎತ್ತರದ ಮನುಷ್ಯರೊಬ್ಬರು ಇಳಿದು ಸೀದಾ ಅಂಗಡಿಗೆ ಬರುತ್ತಾರೆ. ಹೆಸರು ಸಂಗಯ್ಯ. ಬನವಾಸಿ ಕಡೆಯವರು, ಈಗ ಶಿರಸಿಯಲ್ಲಿ ಮನೆ. ಬಸ್ ಕಂಡಕ್ಟರಾಗಿ ನಿವೃತ್ತರಾಗಿದ್ದಾರೆ, ಚೀಲ ಮಾತ್ರ ನಿವೃತ್ತಿಯಾಗಿಲ್ಲ. ಯಲ್ಲಾಪುರ, ಶಿರಸಿ, ಸಿದ್ದಾಪುರದ ದಾರಿಯಲ್ಲಿ ಪ್ರಯಾಣಿಕರು ಹೇಳಿದ ಕಥೆಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಬರೆದಿದ್ದಾರೆ. ಬೆಂಚಿನ ಮೇಲೆ ಕಲ್ಲಿನಡಿ ಇರುವುದು ಅವರದೇ ಪುಟಗಳು.

"ನೂರಾ ಒಂದು ಇಡ್ರಿ ತಂಗಿ. ಶುಭ ಅಂಕಿ ಐತಿ" ಎನ್ನುತ್ತಾರೆ ಕೂರುವ ಮೊದಲೇ.

"ಸಂಗಯ್ಯನೋರೆ, ನೂರಾ ಒಂದು ಮದ್ವೆ ಕವರಿಗೆ ಹಾಕೂದು. ಮೊಬೈಲಲ್ಲಿ ಒತ್ತೋರಿಗೆ ಆ ಒಂದು ರೂಪಾಯಿ ಯಾರಿಗೆ ಹೇಳಿ ಅನ್ನಿಸ್ತದೆ."

"ಹಂಗಾರ ತೊಂಬತ್ತೊಂಬತ್ತು?"

"ಅದು ಚಪ್ಲಿ ಅಂಗ್ಡಿ ರೇಟು."

ಸಂಗಯ್ಯ ಕೂತು ಚೀಲದ ಪಟ್ಟಿ ಸವರುತ್ತಾರೆ. "ಜೀವಮಾನ ಎಲ್ಲಾ ಬ್ಯಾರೇದವರು ಬರದ ರೇಟಿಗೆ ಟಿಕೇಟು ಹರದೇನ್ರಿ. ನಂದಕ್ಕ ರೇಟು ಹೇಳು ಅಂದ್ರ ಬಾಯಿ ಬರವಲ್ದು. ಹೋಗ್ಲಿ, ಫ್ರೀ ಬಿಟ್ಟುಬಿಡ್ರಿ. ಮಂದಿ ಹೇಳಿದ ಮಾತು ಅವು. ನಾ ಬರದೇನಿ, ಅಷ್ಟ."

'ಫ್ರೀ' ಎಂಬ ಮಾತು ಬಿದ್ದ ಕೂಡಲೇ ರೋಹಿಣಿಯ ಮುಖ ಸಣ್ಣದಾಗುತ್ತದೆ. "ಅದೊಂದು ಬ್ಯಾಡ" ಎಂದು ಮಾತು ಕಡಿಯುತ್ತಾರೆ. ಅಷ್ಟರಲ್ಲಿ ಅಂಗನವಾಡಿಯ ಗೀತಾ ಆಧಾರ್ ಕಾರ್ಡುಗಳ ಕಟ್ಟು ಹಿಡಿದು ಜೆರಾಕ್ಸಿಗೆ ಬರುತ್ತಾರೆ. ಮಿಷನ್ ಬಿಸಿಯಾಗುವ ತನಕ ಬೆಂಚಿನಲ್ಲಿ ಕೂತು, ಕಲ್ಲು ಸರಿಸಿ, ಹಾಳೆ ಎತ್ತಿಕೊಳ್ಳುತ್ತಾರೆ. ಬರೆದವರು ಎದುರಿಗೇ ಇದ್ದಾರೆಂದು ಅವರಿಗೆ ಗೊತ್ತಿಲ್ಲ. ಸಂಗಯ್ಯ ಬಸ್ಸಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಕಿವಿ ಮಾತ್ರ ಬೆಂಚಿನ ಕಡೆಗೇ ಇದೆ.

ಗೀತಾ ಎರಡನೇ ಪುಟಕ್ಕೆ ಹೋಗುತ್ತಾರೆ. ಮೂರನೆಯದರಲ್ಲಿ ಒಮ್ಮೆ ಫಕ್ಕನೆ ನಗುತ್ತಾರೆ. ನಾಲ್ಕು ಮುಗಿಸಿ, ಹಾಳೆಯ ಹಿಂಬದಿ ತಿರುಗಿಸಿ ನೋಡುತ್ತಾರೆ.

"ರೋಹಿಣಕ್ಕ, ಆ ಕೋಳಿ ತಕಂಡು ಹತ್ತಿದವ್ಳು ಇಳಿದ್ಲಾ ಇಲ್ವಾ? ಮುಂದಿಂದೆಲ್ಲಿ?"

"ಮುಂದಿಂದು ಮೊಬೈಲಲ್ಲಿ. ರೊಕ್ಕ ಕೊಡಕು. ಎಷ್ಟಾದ್ರೆ ಯೋಚ್ನೆ ಮಾಡ್ದೆ ಒತ್ತುವೆ?"

"ಶಿರಸಿ ಬಸ್ ಚಾರ್ಜಷ್ಟು ಇದ್ರೆ ಅಡ್ಡಿಲ್ಲ" ಎಂದ ಗೀತಾ ತಾನೇ ನಗುತ್ತಾರೆ. "ಅಯ್ಯ, ಅದು ಎಷ್ಟು ಹೇಳಿಯೇ ಮರ್ತು ಹೋಗದೆ. ಹೆಂಗಸ್ರಿಗೆ ಫ್ರೀ ಅಲ್ದಾ ಈಗ! ಒಂದು ಮಸಾಲೆದೋಸೆ ರೇಟು ಇಟ್ಕ."

ಸಂಗಯ್ಯ ತಡೆಯಲಾರದೆ ಈ ಕಡೆ ತಿರುಗುತ್ತಾರೆ. "ಫ್ರೀ ಆದ್ರೂ ಚೀಟಿ ಹರದ ಹರೀತಾರ್ರೀ ಯವ್ವಾ. ಊರು ಕೇಳಿನ ಹರಿಬೇಕು. ರೊಕ್ಕದ ಮಾತು ಆಮ್ಯಾಲ. ಎಲ್ಲಿಂದ ಹತ್ತೀರಿ, ಎಲ್ಲಿಗೆ ಇಳೀತೀರಿ? ಮೊದಲ ಊರು. ಊರು ಗೊತ್ತಿಲ್ದ ದರ ಹ್ಯಾಂಗ ಹೇಳೂದು?"

ಗೀತಾ ನಾಚಿಕೊಂಡು ಆಧಾರ್ ಕಾರ್ಡುಗಳ ಹಿಂದೆ ಮುಖ ಮರೆಸುತ್ತಾರೆ. ರೋಹಿಣಿ ಮಾತ್ರ ಜೆರಾಕ್ಸ್ ಮಿಷನ್ನಿನ ಮುಚ್ಚಳ ಎತ್ತಿ ಹಿಡಿದವರು ಹಾಗೇ ನಿಂತುಬಿಟ್ಟಿದ್ದಾರೆ. ಕಂಡಕ್ಟರರ ಮಾತಿನಲ್ಲಿ ಅಂಥದ್ದೇನಿತ್ತೆಂದು ನನಗೆ ಆಗ ತಿಳಿಯುವುದಿಲ್ಲ. ಸಂಗಯ್ಯನವರ ಪುಸ್ತಕಕ್ಕೆ ಮಸಾಲೆದೋಸೆಯ ಬೆಲೆ ಕೂರುತ್ತದೆ. ಆ ದೊಡ್ಡ ಮನುಷ್ಯರು ಮೀಸೆ ತಿರುವಿಕೊಂಡು, ಬೆಲೆ ನೋಡಿದ ಖುಷಿಗೆ ನಮಗೆಲ್ಲ ಚಹಾ ಕೊಡಿಸುತ್ತಾರೆ.

ರೋಹಿಣಿ ತ್ಯಾಗಲಿಯವರು. ಅಪ್ಪ ರಾಮ ನಾಯ್ಕರಿಗೆ ಗದ್ದೆ ಬಿಟ್ಟರೆ ಬೇರೆ ಲೋಕವಿರಲಿಲ್ಲ. ಪಿಯುಸಿ ಮುಗಿಸಿದ ಮಗಳು ಟೈಪಿಂಗ್ ಕಲಿತು ಶಿರಸಿಯ ಒಂದು ಮುದ್ರಣಾಲಯಕ್ಕೆ ಸೇರಿದಳು. ದಿನವೂ ಬಸ್ಸು, ದಿನವೂ ನಿಂತ ಪ್ರಯಾಣ. ಮದುವೆ ಕಾಗದ, ಸಂಘದ ವರದಿ, ನಡುನಡುವೆ ಊರ ಲೇಖಕರ ಪುಸ್ತಕ. ಬಿಡುಗಡೆಯ ದಿನ ಶಾಲು, ಹಾರ, ಫೋಟೊ. ಬಂದವರಿಗೆಲ್ಲ ಗೌರವ ಪ್ರತಿ. ಉಳಿದ ಕಟ್ಟುಗಳು ಲೇಖಕರ ಮನೆಯ ಅಟ್ಟಕ್ಕೆ. ಒಮ್ಮೆ ಒಬ್ಬ ಮೇಷ್ಟ್ರ ಮನೆಗೆ ಎರಡನೇ ಪುಸ್ತಕದ ಪ್ರೂಫ್ ಕೊಡಲು ಹೋದಾಗ, ಮೊದಲ ಪುಸ್ತಕದ ಕಟ್ಟುಗಳನ್ನು ಒರಲೆ ತಿಂದದ್ದನ್ನು ಅವರ ಹೆಂಡತಿ ಗುಡಿಸುತ್ತಿದ್ದುದನ್ನು ರೋಹಿಣಿ ನೋಡಿದರು.

"ನಾ ಟೈಪ್ ಮಾಡಿದ್ದು ಅದು. ಒಂದೊಂದು ಅಕ್ಷರ. ಹೊಟ್ಟೆ ಉರೀತು" ಎಂದು ಹೇಳುವಾಗ ಇವತ್ತಿಗೂ ಅವರ ದನಿ ಬದಲಾಗುತ್ತದೆ.

ಲಾಕ್‌ಡೌನಿನಲ್ಲಿ ಮುದ್ರಣಾಲಯ ಮುಚ್ಚಿತು. ಗಂಡ ನವೀನ ಗೂಡ್ಸ್ ರಿಕ್ಷಾ ಓಡಿಸುತ್ತಾರೆ, ಅವರೂ ಮನೆಯಲ್ಲಿ. ಸುಮ್ಮನೆ ಕೂತ ಆ ದಿನಗಳಲ್ಲಿ ರೋಹಿಣಿ ಮೊಬೈಲಿನಲ್ಲಿ ಕನ್ನಡ ಪುಸ್ತಕ ಓದುವುದನ್ನು ಕಲಿತರು, ಆಮೇಲೆ ಅದನ್ನು ಮಾಡುವುದು ಹೇಗೆಂದು ಕಲಿತರು. ಹಳೆಯ ಟೈಪಿನ ಅಕ್ಷರಗಳು ಹೊಸದಕ್ಕೆ ಬರುವಾಗ ಕೈಕಾಲು ಮುರಿದುಕೊಂಡು ಬರುತ್ತಿದ್ದವು. ಒಂದೊಂದನ್ನೂ ಕೂರಿಸಿ ರಿಪೇರಿ ಮಾಡಬೇಕು. ಬೇಗ ಕಣ್ಣು ಸೋಲಲು ಶುರುವಾದದ್ದು ಆ ವರ್ಷದಿಂದಲೇ. ಇಲ್ಲಿಯವರೆಗೆ ಐವತ್ತರ ಸುಮಾರು ಪುಸ್ತಕ ಏರಿಸಿದ್ದಾರೆ. ಟೈಪಿಗೆ, ಪುಟ ಕಟ್ಟಿದ್ದಕ್ಕೆ ಕೂಲಿ ತೆಗೆದುಕೊಳ್ಳುತ್ತಾರೆ. ಬೆಲೆ ಕೂರಿಸಿದ್ದಕ್ಕೆ ಏನೂ ಇಲ್ಲ. ಇದೆಂಥ ನ್ಯಾಯ ಎಂದು ಕೇಳಿದರೆ, "ಹೇಳ್ದದ್ದು ತಪ್ಪಾದ್ರೆ ರೊಕ್ಕ ವಾಪಸ್ ಕೊಡೋರ್ಯಾರು?" ಎನ್ನುತ್ತಾರೆ.

ತಪ್ಪಿದ್ದೂ ಉಂಟು. ಮಾಗೋಡಿನ ಹತ್ತಿರದ ವಿಶ್ವೇಶ್ವರ ಹೆಗಡೆಯವರು ಬೇಡ್ತಿ ಕಣಿವೆಯ ಮರಗಳ ಬಗ್ಗೆ ಬರೆದ ದಪ್ಪ ಪುಸ್ತಕ ತಂದಾಗ ಇಬ್ಬರಿಗೂ ಜಗಳವೇ ಆಯಿತು. ರೋಹಿಣಿ ಬೆಂಚಿನ ಲೆಕ್ಕದಲ್ಲಿ ಕಡಿಮೆ ಹೇಳಿದರು. ಹೆಗಡೆಯವರು ಕೇಳಲೊಲ್ಲರು. ಫೋನಿನಲ್ಲಿ ಅವರನ್ನೇ ವಿಚಾರಿಸಿದೆ. "ಆನು ಹತ್ತು ವರ್ಷ ಕಾಡು ಸುತ್ತಿ ಬರದ್ದೆ. ದೋಸೆ ರೇಟಿಗೆ ಕೊಡಲೆ ಮನಸ್ಸು ಬತ್ತಿಲ್ಲೆ ಹೇಳಿ ಹಟ ಹಿಡ್ದೆ. ಪಾಪ, ರೋಹಿಣಿಗೆ ಸಿಟ್ಟು ಬಂತು. ಆದರೆ ಆನು ಹೇಳಿದ್ದೇ ಹಾಕ್ತು" ಎಂದು ನಕ್ಕರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವವರು, ನರ್ಸರಿ ಮಾಡುವವರು ಆ ದೊಡ್ಡ ಬೆಲೆಗೇ ಅದನ್ನು ಕೊಳ್ಳುತ್ತಿದ್ದಾರೆ.

"ಅವ್ರೇ ಸರಿ ಇದ್ರು" ಎಂದು ರೋಹಿಣಿ ಒಪ್ಪುತ್ತಾರೆ. "ಬೇಕೇ ಬೇಕಾದ ಪುಸ್ತಕ ಬೇರೆ, ಓದ್ವ ಅನ್ನಿಸೂ ಪುಸ್ತಕ ಬೇರೆ. ಮರದ ಪುಸ್ತಕ ಬೇಕಾದವ್ರು ನನ್ನ ಬೆಂಚಿಗೆ ಬರೂದೇ ಇಲ್ಲ. ಅದು ನಂಗೆ ಹೊಳ್ದಿರ್ಲಿಲ್ಲ."

ಆದರೆ ಅವರ ಎದೆಯಲ್ಲಿ ಮುಳ್ಳಾಗಿ ಕೂತದ್ದು ಬೇರೆಯೇ ತಪ್ಪು. ಮಧ್ಯಾಹ್ನ ಪಹಣಿಯವರ ಗಲಾಟೆ ತಗ್ಗಿದ ಮೇಲೆ, ಬುತ್ತಿಯ ಡಬ್ಬಿ ಬಿಚ್ಚಿ, ಅನ್ನ ಕಲಸುತ್ತಾ ಅದನ್ನು ಹೇಳುತ್ತಾರೆ.

ತಾಯಿ ದುರ್ಗಮ್ಮ ಊರಿನಲ್ಲಿ ನೆಟ್ಟಿಯ ಹಾಡು ಎತ್ತಿಕೊಡುವವರು. ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುವಾಗ ಒಬ್ಬರು ಮೊದಲ ಸೊಲ್ಲು ಎತ್ತಬೇಕು, ಸಾಲಿನವರು ಅದನ್ನು ಹಿಡಿದುಕೊಂಡು ಹೋಗಬೇಕು. ಸೊಲ್ಲು ಹಿಡಿಯುವವರು ಬೇಕಾದಷ್ಟು ಮಂದಿ ಇದ್ದರು. ಹಾಡು ಪೂರ್ತಿ ಗೊತ್ತಿದ್ದದ್ದು ಎತ್ತಿಕೊಡುವವರಿಗೆ ಮಾತ್ರ. ಈಗ ನೆಡುವ ಮಿಷನ್ ಬಂದಿದೆ, ಸಾಲು ಇಲ್ಲ. ಮಗಳು ಕೂರಿಸಿ ಕೇಳಿದಾಗ ದುರ್ಗಮ್ಮ ಸಣ್ಣ ಹಾಡುಗಳನ್ನೆಲ್ಲ ಹೇಳಿದರು. ರೋಹಿಣಿ ರೆಕಾರ್ಡ್ ಮಾಡಿ, ಬರೆದು, ಟೈಪ್ ಮಾಡಿದರು. ಬೆಳಿಗ್ಗೆ ಮೊದಲ ಸಸಿಯಿಂದ ಹಿಡಿದು ಸಂಜೆ ಕೊನೆಯ ಸಸಿಯವರೆಗೆ ಸಾಗುವ 'ದೊಡ್ಡ ಹಾಡು' ಒಂದು ಬಾಕಿ ಇತ್ತು. ಮಳೆಗಾಲ ಕಳೆಯಲಿ, ಹೇಳುತ್ತೇನೆ ಎಂದಿದ್ದರು.

ಆದಷ್ಟನ್ನು ರೋಹಿಣಿ ಆನ್‌ಲೈನ್ ಅಂಗಡಿಗೆ ಏರಿಸಿದರು. ಉಚಿತವಾಗಿ.

"ಹಾಡಿಗೆ ರೊಕ್ಕ ಕೇಳೂದು ಹೆಂಗೆ ಹೇಳಿ ಅಂದ್ಕಂಡೆ. ಅಮ್ಮನ ಹಾಡು ಎಲ್ಲರಿಗೂ ಸಿಕ್ಲಿ ಹೇಳಿ. ಎಷ್ಟೊಂದು ಜನ ಇಳಿಸ್ಕಂಡ್ರು ಗೊತ್ತಿದಾ? ನಂಗೆ ಹೆಮ್ಮೆ. ಅಮ್ಮಂಗೆ ಹೇಳಿಯೇ ಇರ್ಲಿಲ್ಲ, ಹಬ್ಬಕ್ಕೆ ಹೇಳ್ವ ಹೇಳಿ ಇಟ್ಟಿದ್ದೆ."

ಹೇಳಿದ್ದು ಕೇರಿಯ ಹೊನ್ನ ಎಂಬ ಹೆಂಗಸು. ದುರ್ಗಕ್ಕ, ನಿನ್ನ ಹಾಡು ಮೊಬೈಲಲ್ಲಿ ಪುಕ್ಕಟೆ ಸಿಗುತ್ತದಂತೆ ಎಂದರಂತೆ. ದುರ್ಗಮ್ಮ ಅಂದು ಸಂಜೆ ಗದ್ದೆ ದಾಟಿ ಮಗಳ ಮನೆಗೆ ಬಂದರು. ರೋಹಿಣಿ ಮದುವೆಯಾದದ್ದೂ ಅದೇ ಊರಿಗೆ, ಎರಡು ಮನೆಗಳ ನಡುವೆ ಇರುವುದು ಒಂದು ಗದ್ದೆ ಮಾತ್ರ. ಬಂದವರು ಕೇಳಿದ್ದು ಒಂದೇ ಮಾತು. "ಕವಳ ಕೊಟ್ರನ?"

ಎಲೆ, ಅಡಿಕೆ, ಸುಣ್ಣ ಸೇರಿದರೆ ಕವಳ. ಅದಿಲ್ಲದೆ ಈ ಕಡೆ ಯಾವ ಮಾತೂ ಶುರುವಾಗುವುದಿಲ್ಲ. ದುರ್ಗಮ್ಮನ ಕೇರಿಯಲ್ಲಿ ಅದಕ್ಕೆ ಇನ್ನೊಂದು ಕಟ್ಟಳೆಯೂ ಇದೆ. ಹಾಡು ಬೇಕಾದವರು ಗದ್ದೆಯ ಹಾಳಿಗೆ, ಅಂದರೆ ಬದುವಿಗೆ ಬಂದು, ಎತ್ತಿಕೊಡುವವಳ ಕೈಗೆ ಕವಳ ಕೊಡಬೇಕು. ಅವಳು ಕೊಟ್ಟವರ ಹೆಸರು, ಊರು ಕೇಳಿ, ಅದನ್ನು ಮೊದಲ ಸೊಲ್ಲಿಗೆ ಕಟ್ಟಿ, ಆಮೇಲೆ ಹಾಡು ಎತ್ತಬೇಕು. ಬರಿಗೈಯಲ್ಲಿ ಬಂದು ಹಾಡು ಕೇಳಿದರೆ ಸಾಲು ಬಾಯಿ ಬಿಡುವುದಿಲ್ಲ.

"ನಂಗೆ ಗೊತ್ತಿತ್ತು ಅದು. ಸಣ್ಣಿರ್ವಾಗಿಂದ ನೋಡಿದ್ದೆ. ಆದ್ರೂ ಮೊಬೈಲಿಗೆ ಅದೆಂತ ಸಂಬಂಧ ಹೇಳಿ ಮಾಡ್ದೆ. ಅಮ್ಮ ಬೈಯ್ಲಿಲ್ಲ. ಬೈದಿದ್ರೆ ಚೊಲೋ ಇತ್ತು. ಸುಮ್ನೆ ಎದ್ದು ಹೋದ್ಲು. ಅಲ್ಲಿಂದ ಹಾಡು ಬಂದ್."

ರೋಹಿಣಿ ಆಗಲೇ ಪುಸ್ತಕ ಕೆಳಗಿಳಿಸಿದರು. ಬೆಲೆ ಹಾಕುತ್ತೇನೆ ಎಂದು ತಾಯಿಯ ಹಿಂದೆ ಬಿದ್ದರು. ಹಾಕು, ಆದರೆ ಸರಿಯಾದದ್ದು ಹಾಕು ಎಂದರು ದುರ್ಗಮ್ಮ. ತೊಂಬತ್ತೊಂಬತ್ತು ಎಂದರೆ, "ನಾ ಎಂತ ಸೀರೆ ಅಂಗ್ಡಿ ಇಟ್ಟಿದ್ನ?" ಮೂವತ್ತು ಎಂದರೆ, "ಸಾಲಿಗೆಲ್ಲ ಒಂದು ಸುತ್ತು ಕವಳ ಬತ್ತದನ ಅಷ್ಟಕ್ಕೆ?" ಆಗ ರೋಹಿಣಿಗೆ ಹಾದಿ ಸಿಕ್ಕಿತು. ಪೇಟೆಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ದರ ಕೇಳಿ, ಸಾಲಿನವರಿಗೆಲ್ಲ ಒಂದು ಸುತ್ತು ಆಗುವಷ್ಟು ಎಂದರೆ ಅರವತ್ತು ರೂಪಾಯಿ ಎಂದು ಹೋಗಿ ಹೇಳಿದರು. ದುರ್ಗಮ್ಮ ತಲೆಯಾಡಿಸಿದರು. ಮರುಕ್ಷಣ ಕೇಳಿದರು, "ಕೊಟ್ಟೋರು ಯಾರು ಹೇಳಿ ಗೊತ್ತಾಗ್ತದಲ?"

ಗೊತ್ತಾಗುವುದಿಲ್ಲ. ಆನ್‌ಲೈನ್ ಅಂಗಡಿ ಎಷ್ಟು ಹೋಯಿತು ಎಂದು ಹೇಳುತ್ತದೆ, ಯಾರು ಕೊಂಡರು ಎಂದು ಹೇಳುವುದಿಲ್ಲ. ರೋಹಿಣಿ ಅದನ್ನು ತಿಳಿಸಿದಾಗ ತಾಯಿ, "ಹಂಗಾರೆ ಅದು ಕವಳ ಅಲ್ಲ, ಬರೀ ರೊಕ್ಕ" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ಅರವತ್ತು ಎಂಬ ಅಂಕಿ ಅಲ್ಲಿಂದ ಇಲ್ಲಿಯವರೆಗೆ ಆ ಖಾಲಿ ಜಾಗದಲ್ಲಿ ಬರುವುದು, ಅಳಿಸಿ ಹೋಗುವುದು ಮಾಡುತ್ತಿದೆ.

ಡಬ್ಬಿ ತೊಳೆದಿಟ್ಟು ರೋಹಿಣಿ ಕಂಪ್ಯೂಟರಿಗೆ ಬರುತ್ತಾರೆ. "ಕಂಡಕ್ಟರ್ ಹೇಳಿದ್ದು ಕೇಳಿದ್ರಲ್ಲ? ಮೊದ್ಲು ಊರು ಕೇಳ್ತಾರಡ. ನಾ ಕೇಳಿಯೇ ಇರ್ಲಿಲ್ಲ. ಅಂಗ್ಡಿ ಹೇಳೂದಿಲ್ಲ ಸರಿ, ತಕಂಡವ್ರು ಹೇಳ್ಬಹುದಲ?"

ಪುಸ್ತಕದ ಮೊದಲ ಪುಟ ತೆರೆದು, ಹೆಸರಿನ ಕೆಳಗೆ ಅವರು ಟೈಪ್ ಮಾಡುವುದನ್ನು ನಾನು ಹಿಂದೆ ನಿಂತು ಓದುತ್ತೇನೆ. 'ಈ ಪುಸ್ತಕದ ಬೆಲೆ ಸಾಲಿನವರಿಗೆಲ್ಲ ಒಂದು ಸುತ್ತು ಕವಳ. ಕೊಂಡವರು ದಯವಿಟ್ಟು ತಮ್ಮ ಹೆಸರು, ಊರು ತಿಳಿಸಿ. ಎತ್ತಿಕೊಡುವ ದುರ್ಗಮ್ಮ ಕೇಳುತ್ತಾರೆ.' ಕೆಳಗೆ ತಮ್ಮ ಜೆರಾಕ್ಸ್ ಅಂಗಡಿಯ ಮೊಬೈಲ್ ನಂಬರು. ಖಾಲಿ ಜಾಗದಲ್ಲಿ ಅರವತ್ತು ಕೂರುತ್ತದೆ. ಈ ಸಲ ಅಳಿಸುವುದಿಲ್ಲ. ಒತ್ತುವ ಮೊದಲು ಮಾತ್ರ ಸೆರಗಿನಿಂದ ಒಮ್ಮೆ ಕೈ ಒರೆಸಿಕೊಳ್ಳುತ್ತಾರೆ.

ಏರಿಸಿದ ಪುಸ್ತಕ ಆನ್‌ಲೈನ್ ಅಂಗಡಿಗೆ ಬರಲು ಹೊತ್ತು ಬೇಕು. ಸಂಜೆ ತ್ಯಾಗಲಿಗೆ ನವೀನರ ರಿಕ್ಷಾದಲ್ಲಿ ಹೋಗುವಾಗ, ಸಿಮೆಂಟಿನ ಚೀಲಗಳ ನಡುವೆ ಕೂತ ರೋಹಿಣಿ ಮೊಬೈಲ್ ತೆಗೆದು ನೋಡುತ್ತಲೇ ಇರುತ್ತಾರೆ. ದಾರಿಯುದ್ದಕ್ಕೂ ಕೊಯ್ಲಾದ ಗದ್ದೆಗಳು, ಅಲ್ಲಲ್ಲಿ ಹುಲ್ಲಿನ ಹೊರೆ. ಊರಿಗೆ ಮುಟ್ಟುವ ಹೊತ್ತಿಗೆ ಪುಸ್ತಕ ಬಂದಿದೆ.

ದುರ್ಗಮ್ಮ ಅಂಗಳದಲ್ಲಿ ಕೂತು ಉದ್ದು ಕೇರುತ್ತಿದ್ದಾರೆ. ಎಪ್ಪತ್ತು ದಾಟಿದ ಗಟ್ಟಿ ಜೀವ. ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿ, ಪೇಪರಿನವರು ಎಂದು ಕೇಳಿ, ಕೂರಲು ಮಣೆ ತೋರಿಸುತ್ತಾರೆ. ರೋಹಿಣಿ ಮೊದಲ ಪುಟವನ್ನು ಓದಿ ಹೇಳುತ್ತಾರೆ. ಶಾಲೆಯ ಹುಡುಗಿಯ ಹಾಗೆ ಒಂದೊಂದೇ ಪದ ಬಿಡಿಸಿ ಓದುತ್ತಾರೆ. ದುರ್ಗಮ್ಮ ಮೊರ ಕೆಳಗಿಟ್ಟು ಕೇಳುತ್ತಾರೆ. ಮುಗಿದ ಮೇಲೆ ಮತ್ತೆ ಮೊರ ಎತ್ತಿಕೊಳ್ಳುತ್ತಾರೆ.

ನನಗೆ ಸುಮ್ಮನೆ ಕೂರಲಾಗುವುದಿಲ್ಲ. ಬರೆಯಲು ಬಂದವನು ನಡುವೆ ಕೈ ಹಾಕಬಾರದು ಎಂಬ ನಿಯಮವನ್ನು ಅಂಗಳದ ಆಚೆ ಬಿಟ್ಟು, ಮೊಬೈಲ್ ತೆಗೆದು, ಅರವತ್ತು ರೂಪಾಯಿ ಕೊಟ್ಟು ಪುಸ್ತಕ ಇಳಿಸಿಕೊಳ್ಳುತ್ತೇನೆ. ತೋರಿಸುತ್ತೇನೆ. ರೋಹಿಣಿ ಒಳಗಿನಿಂದ ಕವಳದ ಬಟ್ಟಲು ತಂದು ನನ್ನ ಕೈಗಿಡುತ್ತಾರೆ. ನಾನು ಅದನ್ನು ದುರ್ಗಮ್ಮನ ಮುಂದೆ ಹಿಡಿಯುತ್ತೇನೆ.

"ಯಾವೂರಾತು ತಮ್ಮಾ?"

ಹೆಸರು ಹೇಳಿ, ಯಲ್ಲಾಪುರದ ಹತ್ತಿರ, ಮಾಗೋಡಿನ ಕಡೆಯವ ಎನ್ನುತ್ತೇನೆ.

ದುರ್ಗಮ್ಮ ಎಲೆಯ ನಾರು ತೆಗೆಯುತ್ತಾರೆ, ಸುಣ್ಣ ಸವರುತ್ತಾರೆ. ಅವಸರವಿಲ್ಲ. ಮಡಚಿ ದವಡೆಗೆ ಇಟ್ಟುಕೊಂಡ ಮೇಲೆ ಮಾತಾಡುತ್ತಾರೆ. ಮಗಳ ಕಡೆ ನೋಡುವುದಿಲ್ಲ, ಎದುರಿನ ಗದ್ದೆ ತೋರಿಸಿ ನನಗೇ ಹೇಳುತ್ತಾರೆ.

"ಇದು ಈಗ ನಮ್ಮ ಗದ್ದೆ. ನಾ ಸಣ್ಣೋಳಿರ್ವಾಗ ಒಡೇರ ಗದ್ದೆ. ಮಳೆ ಹಿಡಿದ್ರೆ ಮೊದ್ಲು ಅವ್ರದ್ದು ನೆಡಕು, ಬಿಟ್ಟಿ. ಕೂಲಿ ಇಲ್ಲ, ಕೇಳೂ ಹಂಗೂ ಇಲ್ಲ. ನನ್ನ ಅಬ್ಬೆ ಸಾಲಿನ ಮುಂದೆ, ನಾ ಅವ್ಳ ಬದಿಗೆ ನೆಡ್ತಿದ್ದೆ. ಒಡೇರು ಹಾಳಿ ಮೇಲೆ ಕೊಡೆ ಹಿಡ್ದು ನಿಂತ್ಕಂಡು, ಹಾಡೇ ಹೇಳಿ ಅಂದ್ರು. ಅಬ್ಬೆ ಬಗ್ಗಿದಲ್ಲಿಂದ ಏಳ್ಲಿಲ್ಲ, ಕವಳ ಬರ್ಲಿ ಅಂದ್ಲು. ಸಾಲಿಗೆ ಸಾಲೇ ಬಾಯಿ ಮುಚ್ಕಂಡು ನೆಟ್ತು. ಮಧ್ಯಾಹ್ನದ ತನಕ. ಮಳೆ ಹೊಯ್ಯೂ ಶಬ್ದ ಒಂದೇ. ಕಡೆಗೆ ಒಡೇರು ಮನೆಯಿಂದ ಬಟ್ಟಲು ತರ್ಸಿದ್ರು. ಅವ್ರ ಕೈಯಲ್ಲೇ ಕೊಟ್ರು. ಅಬ್ಬೆ ಅವ್ರ ಹೆಸ್ರು ಕಟ್ಟಿ ಹಾಡು ಎತ್ತಿದ್ಲು. ಆ ಒಂದು ಗಳಿಗೆಗೆ ಅವ್ರು ಕೊಡೋರು, ನಾವು ತಕಂಬೋರು. ಬೇರೆ ಹೊತ್ತಲ್ಲೆಲ್ಲ ಬಾಯಿ ಮುಚ್ಕಂಡು ಕೊಡೋರು ನಾವೇ."

ರೋಹಿಣಿ ಇದನ್ನು ಮೊದಲ ಸಲ ಕೇಳುತ್ತಿದ್ದಾರೆ. "ನಂಗೆ ಎಂತಕ್ಕೆ ಹೇಳ್ಲಿಲ್ಲ ಅಮ್ಮ?" ಎನ್ನುತ್ತಾರೆ. ಕಣ್ಣು ತುಂಬಿದೆ, ಒರೆಸಿಕೊಳ್ಳುವುದಿಲ್ಲ.

"ನೀ ಕೇಳಿದ್ದು ಹಾಡು ಒಂದೇ, ಇದನ್ನ ಕೇಳ್ಲಿಲ್ಲಲ" ಎನ್ನುತ್ತಾರೆ ದುರ್ಗಮ್ಮ. ದನಿಯಲ್ಲಿ ಸಿಟ್ಟಿಲ್ಲ.

ಆಮೇಲೆ ಅವರು ಮೊರವನ್ನು ಬದಿಗೆ ಸರಿಸಿ, ಮಂಡಿಯ ಮೇಲೆ ಕೈಯಿಟ್ಟು, ಎದುರಿನ ಗದ್ದೆಯ ಕಡೆ ಮುಖ ಮಾಡುತ್ತಾರೆ. ರೋಹಿಣಿ ಗಡಿಬಿಡಿಯಲ್ಲಿ ಮೊಬೈಲಿನ ರೆಕಾರ್ಡಿಂಗ್ ಒತ್ತುತ್ತಾರೆ. ಸಣ್ಣ, ತುಸು ಒಡೆದ ದನಿ ಏಳುತ್ತದೆ.

ಮಾಗೋಡ ದಾರೀಲಿ ಬಂದಾನೆ ತಮ್ಮಯ್ಯ
ಕವಳ ತಂದಾನೆ ಸಾಲೀಗೆ | ಹೆಂಗಳೆಯರೆ
ಎತ್ತಿಕೊಡತೇನೆ ಮೊದಲ ಸಸಿಯ

ನನ್ನ ಊರಿನ ಹೆಸರು ಆ ಬಾಯಲ್ಲಿ ಬಂದಾಗ ನಾನು ಮಣೆಯ ಮೇಲೆ ನೆಟ್ಟಗೆ ಕೂರುತ್ತೇನೆ. ಬೇಲಿಯಾಚೆ ಯಾರೋ ಸೊಲ್ಲು ಹಿಡಿಯುತ್ತಾರೆ. ನೋಡಿದರೆ ಹೊನ್ನ, ಹುಲ್ಲಿನ ಹೊರೆ ತಲೆಯ ಮೇಲೇ ಇದೆ. ದೊಡ್ಡ ಹಾಡು ಹೀಗೆ ಶುರುವಾಗುತ್ತದೆ. ರೋಹಿಣಿಯೂ ಸೊಲ್ಲು ಹಿಡಿಯುತ್ತಾರೆ, ಮೊದಲು ಮೆಲ್ಲಗೆ, ಆಮೇಲೆ ತಾಯಿಯ ದನಿಗೆ ಸರಿಯಾಗಿ. ದವಡೆಯ ಕವಳ ಮುಗಿಯುವವರೆಗೆ ಹಾಡು ನಡೆಯುತ್ತದೆ. ಕತ್ತಲಾಗುವ ಹೊತ್ತಿಗೆ ದುರ್ಗಮ್ಮ ನಿಲ್ಲಿಸಿ, ಎದ್ದು ಅಂಗಳದ ಅಂಚಿಗೆ ಹೋಗಿ ಉಗಿದು ಬರುತ್ತಾರೆ.

ಉಳಿದದ್ದು? ಎಂದು ಕೇಳುತ್ತೇನೆ.

"ಒಂದು ಕವಳಕ್ಕೆ ಇಷ್ಟು. ಬತ್ತಾರಲ, ಬೇರೆ ಊರಿನೋರು."

ರೋಹಿಣಿಯನ್ನು ಏನಾದರೂ ಆಸೆ ಇದೆಯೇ ಎಂದು ಕೇಳುವುದು ಇಂಥ ಬರಹದ ವಾಡಿಕೆ. ಕೇಳುತ್ತೇನೆ. "ಹೆಚ್ಚೆಂತ ಇಲ್ಲ. ತಕಂಡೋರು ಊರು ಹೇಳ್ಲಿ. ಅಮ್ಮನ ಹಲ್ಲು ಗಟ್ಟಿ ಇರೂದ್ರೊಳಗೆ ಹಾಡು ಪೂರ್ತಿ ಆಗ್ಲಿ" ಎಂದು ನಕ್ಕು, ಆಯಿತೇ ಎಂಬಂತೆ ನನ್ನ ಪೆನ್ನಿನ ಕಡೆ ನೋಡುತ್ತಾರೆ.

ನವೀನ ರಿಕ್ಷಾ ಚಾಲೂ ಮಾಡುತ್ತಾರೆ. ನಾನು ಕೈ ಮುಗಿದು ಹೊರಡುವಾಗ ದುರ್ಗಮ್ಮ ಹಿಂದಿನಿಂದ ಕರೆಯುತ್ತಾರೆ.

"ಪೇಪರಲ್ಲಿ ಬರೀತೆ ಹೇಳ್ದ್ಯಲ ತಮ್ಮಾ? ಹಂಗಾರೆ ಇದನ್ನೂ ಬರಿ. ದುರ್ಗಿ ಗದ್ದೆ ಬಿಟ್ಟಿ ನೆಟ್ಟಿದ್ಲು. ಹಾಡು ಬಿಟ್ಟಿ ಹೇಳ್ಲಿಲ್ಲ."